ಮೇಲಿನ ರಿ

"ಗುರುಗಳೇ, ಸ, ಕೋಮಲ ಗ, ಪ ಒಟ್ಟಿಗೆ ನುಡಿದರೆ ಮೈನರ್ ಕಾರ್ಡ್ ಎಂಬ ಸ್ವರಗುಚ್ಛ ಆಯಿತು. ಅದರ ಮೇಲೆ ಏಳನೆಯ ಸ್ವರ, ಒಂಬತ್ತನೆಯ ಸ್ವರ ಎಂದು ಏಕೆ ಪೇರಿಸಬೇಕು? ಒಂಬತ್ತನೆಯದೆಂದರೆ ಅದೇ ಎರಡನೆಯ ರಿ ತಾನೇ?" ಎಂದು ಐರಿನ್ ತನ್ನ ಪಿಯಾನೋ ಗುರುಗಳನ್ನು ಕೇಳಿದಳು.

ಗುರುಗಳು ಹೇಳಿದರು:

ಕಡಲ ದಂಡೆಯ ಊರೊಂದರ ಇಗರ್ಜಿಯಲ್ಲಿ ಮೂವರು ಹಾಡುತ್ತಿದ್ದರು. ದೋಣಿ ನಡೆಸುವವನೊಬ್ಬ ಕೆಳಗಿನ ಸ ಹಿಡಿಯುತ್ತಿದ್ದ. ಬಟ್ಟೆ ಹೊಲಿಯುವವಳೊಬ್ಬಳು ಕೋಮಲ ಗ. ಮೇಳದ ಹಿರಿಯನದು ಪ. ಪ್ರತಿ ಚರಣದ ಕೊನೆಗೆ ಮೂವರೂ ತಮ್ಮ ತಮ್ಮ ಸ್ವರ ಹಿಡಿದು ನಿಲ್ಲುತ್ತಿದ್ದರು. ತನ್ನ ಪ ಕೇಳಲೆಂದೇ ಜನ ಬರುತ್ತಾರೆಂದು ಹಿರಿಯ ನಂಬಿದ್ದ. ಇಪ್ಪತ್ತು ವರ್ಷದಿಂದ ಅದನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲ.

ಒಂದು ದಿನ ಸೂಲಗಿತ್ತಿಯೊಬ್ಬಳು ಬಂದಳು. ಅವಳ ತಮ್ಮ ಕಡಲಿನಲ್ಲಿ ಸತ್ತಿದ್ದ. ಭಾನುವಾರ ಅವನಿಗಾಗಿ ಪ್ರಾರ್ಥನೆ. ಅಂದು ತಾನೂ ಹಾಡಬೇಕು ಎಂದಳು. ಅವಳನ್ನೂ ಅಭ್ಯಾಸಕ್ಕೆ ನಿಲ್ಲಿಸಿಕೊಂಡರು. ಚರಣದ ಕೊನೆಗೆ ಅವಳ ದನಿ ರಿ ಮೇಲೆ ನಿಂತಿತು. ಎಷ್ಟು ತಿದ್ದಿದರೂ ಅಲ್ಲಿಂದ ಕದಲಲಿಲ್ಲ. ಒಂದು ಕಡೆ ಸ, ಇನ್ನೊಂದು ಕಡೆ ಗ. ಎರಡಕ್ಕೂ ಉಜ್ಜಿ ಕಿವಿಗೆ ಒರಟಾಯಿತು.

"ನಿಮ್ಮ ಸ್ವರಕ್ಕೆ ಇಲ್ಲಿ ಜಾಗವಿಲ್ಲಮ್ಮ" ಎಂದ ಹಿರಿಯ.

"ಅವನನ್ನು ಎತ್ತಿ ಆಡಿಸಿದವಳು ನಾನು. ಆ ದಿನ ಬಾಯಿ ಮುಚ್ಚಿಕೊಂಡು ಹೇಗೆ ನಿಲ್ಲಲಿ?" ಎಂದಳು ಅವಳು.

ಮರುದಿನ ಹಿರಿಯ ಅವಳನ್ನು ಕರೆಸಿ, ಅದೇ ರಿಯನ್ನು ಮೇಲಿನ ಸ್ಥಾಯಿಯಲ್ಲಿ ಹಾಡಿಸಿದ. ಒರಟು ಹೋಯಿತು. ಆದರೆ ಅವಳ ದನಿ ಮೂವರಿಂದ ದೂರ, ಒಂಟಿಯಾಗಿ ಉಳಿಯಿತು. ಬೆಸೆಯಲು ನಡುವೆ ಏಳನೆಯ ಸ್ವರ, ಕೋಮಲ ನಿ, ಬೇಕಿತ್ತು. ಹಾಡಲು ಐದನೆಯವರಿರಲಿಲ್ಲ.

ದೋಣಿಯವನು ಸ ಬಿಟ್ಟು ನಿ ಹಿಡಿದು ನೋಡಿದ. ಹಾಡಿಗೆ ಕಾಲೂರಲು ನೆಲವೇ ಇಲ್ಲದಂತಾಯಿತು. ಹೊಲಿಯುವವಳು ಗ ಬಿಟ್ಟಳು, ಹಾಡಿನ ದುಃಖವೇ ಹೊರಟುಹೋಯಿತು. ಕೊನೆಗೆ ಹಿರಿಯ ತನ್ನ ಪ ಬಿಟ್ಟು ನಿ ಹಿಡಿದ. ನಾಲ್ಕೂ ದನಿಗಳು ಕೂಡಿಕೊಂಡವು. ಪ ಇಲ್ಲದ್ದು ಯಾರಿಗೂ ಗೊತ್ತೇ ಆಗಲಿಲ್ಲ. ಹಿರಿಯನ ಮುಖ ಬಾಡಿತು. ಆದರೂ ಅವನು ನಿ ಬಿಡಲಿಲ್ಲ.

ಭಾನುವಾರ ನಾಲ್ವರೂ ಹಾಡಿದರು. ಮಗನ ಸುದ್ದಿ ಬಂದಂದಿನಿಂದ ಕಣ್ಣೀರು ಹಾಕದಿದ್ದ ಸೂಲಗಿತ್ತಿಯ ತಾಯಿ ಅಂದು ಅತ್ತಳು.

ಕತೆ ಮುಗಿಯಿತು. ಐರಿನ್ ಬೆರಳುಗಳನ್ನು ಪಿಯಾನೋ ಕೀಗಳ ಮೇಲಿಟ್ಟು, "ಹಾಗಾದರೆ ನಾನೂ ಪ ಬಿಟ್ಟು ನುಡಿಸಿದರೆ ಆಯಿತಲ್ಲವೇ?" ಎಂದಳು.

ಗುರುಗಳು ಹೇಳಿದರು: "ಪ ಬಿಡಬಹುದೆಂದು ಎಲ್ಲ ಪುಸ್ತಕಗಳಲ್ಲೂ ಇದೆ, ಆ ಪ ನೀನೇ ಆಗಿದ್ದರೆ ಬಿಡುವುದು ಹೇಗೆಂದು ಯಾವುದರಲ್ಲೂ ಇಲ್ಲ."