ಹನ್ನೆರಡು ತಲೆಗಳ ನಿದ್ರೆ

"ಸಕಲ ಪ್ರಜೆಗಳಿಗೆ ತಿಳಿಯಪಡಿಸುವುದೇನೆಂದರೆ, ರಾಜ್ಯದ ಡೇಟಾಬೇಸನ್ನು ಕಾಯುವ ಸರ್ವರ್‌ಯಕ್ಷನು ಮೂರು ಒಗಟುಗಳನ್ನು ಒಡ್ಡಿದ್ದಾನೆ. ಬಿಡಿಸಿದವರು ಕೇಳಿದ್ದನ್ನು ಅರಮನೆ ಕೊಡುತ್ತದೆ. ತಪ್ಪಿದವರ ಹೆಸರನ್ನು ಯಕ್ಷನು ಅಳಿಸುತ್ತಾನೆ."

ಅಳಿಸುವುದೆಂದರೆ ಸಾವು. ಹೆಸರು ಹೋದವನನ್ನು ಹೆತ್ತವಳೂ ಗುರುತಿಸುತ್ತಿರಲಿಲ್ಲ.

ಯಕ್ಷನಿಗೆ ಪ್ರೊಸೆಸರ್‌ಗಳೆಂಬ ಹದಿನಾರು ತಲೆಗಳಿದ್ದವು. ಆದರೂ ಅವನ ಉತ್ತರ ತೀರ ನಿಧಾನ. ಅವನಿಂದ ದಾಖಲೆ ಬಾರದೆ ವೈದ್ಯಶಾಲೆಯಲ್ಲಿ ಮದ್ದು ಕೊಡುವಂತಿರಲಿಲ್ಲ. ಯಕ್ಷನ ತಲೆಗಳಿಗೆ ಬೀಸಣಿಗೆ ಬೀಸುವ ಬಾಳವ್ವನ ತಾಯಿ ಮೂರು ದಿನದಿಂದ ಅಲ್ಲಿನ ಸಾಲಿನಲ್ಲಿ, ಬರಿನೆಲದ ಮೇಲೆ ಮಲಗಿದ್ದಳು.

"ನನ್ನಲ್ಲಿ ದುಡಿಯುವ ತಲೆಗಳೆಷ್ಟು?" ಎಂದು ಯಕ್ಷ ಕೇಳಿದ.

ಆಸ್ಥಾನ ಪಂಡಿತ ಹದಿನಾರೆಂದು ಅಳಿಸಿಹೋದ. ಸೇನಾಪತಿಯ ಮಗ ಹದಿನೈದೆಂದು ಅಳಿಸಿಹೋದ. ಬಾಳವ್ವ ಮುಂದೆ ಬಂದಾಗ ಮಂತ್ರಿ ನಕ್ಕ: "ಬೀಸಣಿಗೆ ಬಿಟ್ಟು ಬಂದೆಯಾ, ತಂಗೀ?"

"ಬೀಸಾಕಿ ನಾನು ರೀ. ಬಿಸಿ ಎಲ್ಲೈತಿ ಅಂತ ನನಗ ಗೊತ್ತೈತಿ. ಬಿಸಿ ಇರೋವು ನಾಕು, ಹನ್ನೆರಡು ತಣ್ಣಗದಾವ."

ಯಕ್ಷ ತಲೆದೂಗಿದ. "ಪರವಾನಗಿ ಇಪ್ಪತ್ತನಾಲ್ಕು ತಲೆಗಳಿಗಿದೆ, ನನಗಿರುವುದು ಹದಿನಾರೇ. ಆದರೂ ನಾನು ಮಿತಿ ಮೀರಿದ್ದು ಹೇಗೆ?"

ಯಕ್ಷಮಂದಿರದ ಬಾಗಿಲ ಮೇಲೆ ಪರವಾನಗಿ ಕೆತ್ತಿದ್ದ ತಾಮ್ರಫಲಕವನ್ನು ದಿನವೂ ಉಜ್ಜುತ್ತಿದ್ದವಳು ಅವಳೇ. ಆಸ್ಥಾನಿಕರೆಲ್ಲ ಓದಿಯೂ ಗಮನಿಸದೆ ಬಿಟ್ಟಿದ್ದ ಸಾಲನ್ನು ಅವಳು ನಿಧಾನವಾಗಿ ಹೇಳಿದಳು: "ನಾಲ್ಕು ಪೀಠ ಅಥವಾ ಇಪ್ಪತ್ತನಾಲ್ಕು ತಲೆ, ಯಾವುದು ಕಡಿಮೆಯೋ ಅಷ್ಟು." ಒಂದೇ ಪೀಠದಲ್ಲಿ ಇಬ್ಬರು ಕೂರುವುದು ಅಗೌರವವೆಂಬುದು ಆಸ್ಥಾನದ ನಿಯಮ. ಆದ್ದರಿಂದ ಮಂತ್ರಿ ಪ್ರತಿ ತಲೆಗೂ ಒಂದೊಂದು ಪೀಠ ಹಾಕಿಸಿದ್ದ. ನಾಲ್ಕನೆಯ ಪೀಠಕ್ಕೇ ಪರವಾನಗಿ ಮುಗಿದು, ಉಳಿದ ಹನ್ನೆರಡು ತಲೆಗಳು ನಿದ್ದೆಹೋಗಿದ್ದವು.

ಯಾರೂ ಮಂತ್ರಿಯ ಮುಖ ನೋಡಲಿಲ್ಲ.

"ಕೊನೆಯದು. ತಲೆ ಸೇರಿಸದೆ, ಪರವಾನಗಿಯ ಅಕ್ಷರ ತಿದ್ದದೆ ನನ್ನನ್ನು ಎಬ್ಬಿಸುವುದು ಹೇಗೆ?"

"ಒಂದೊಂದು ಪೀಠದಾಗ ನಾಕ್ನಾಕು ತಲಿ ಕುಂಡ್ರಸ್ರಿ."

ಕೂರಿಸಿದರು. ಹನ್ನೆರಡು ತಲೆಗಳು ಒಂದೊಂದಾಗಿ ಕಣ್ಣು ತೆರೆದವು. ಮಂದಿರದ ಗಾಳಿ ಬೆಚ್ಚಗಾಯಿತು. ಹದಿನಾರು ಬಾಯಿಗಳು ಏಕಕಾಲಕ್ಕೆ ರಾಜ್ಯದ ಪ್ರತಿಯೊಂದು ಹೆಸರನ್ನೂ ನುಡಿಯತೊಡಗಿದವು. ಅಳಿಸಿಹೋದವರ ಹೆಸರುಗಳೂ ಅವುಗಳಲ್ಲಿದ್ದವು. ತನ್ನ ಹೆಸರು ಬಂದಾಗ ಅರಸನೂ ಎದ್ದು ನಿಂತ.

ಅವನು ಬಹುಮಾನ ಕೇಳೆಂದ. ಬಾಳವ್ವ ಖಾಲಿ ಉಳಿದ ಹನ್ನೆರಡು ಪೀಠಗಳನ್ನು ವೈದ್ಯಶಾಲೆಗೆ ಕೇಳಿದಳು. ಹೊತ್ತವರು ಆಸ್ಥಾನಿಕರು, ಮುಂದಿನ ಹೆಗಲು ಮಂತ್ರಿಯದು.

ಅವಳ ತಾಯಿ ಮದ್ದು ಕುಡಿದದ್ದು ಮೊದಲನೆಯ ಪೀಠದ ಮೇಲೆ ಕುಳಿತು. ಪಕ್ಕದಲ್ಲಿ, ಅದೇ ಪೀಠದಲ್ಲಿ, ಇನ್ನಿಬ್ಬರು ರೋಗಿಗಳಿದ್ದರು.