ರೌಟರಿನ ತೂತು

ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ಜರೀನಾ ಮೂರನೇ ಸಲ ಆಡಳಿತಾಧಿಕಾರಿ ಪುಂಡಲೀಕರಾಯರ ಮುಂದೆ ನಿಂತಳು.

"ಸರ್, ರೌಟರಿನಲ್ಲಿ ತೂತಿದೆ. ಹೊರಗಿನವರು ನುಗ್ಗಿ ರೋಗಿಗಳ ರಿಪೋರ್ಟ್ ಓದಬಹುದು. ಹತ್ತು ನಿಮಿಷ ನೆಟ್ ನಿಲ್ಲಿಸಿದರೆ ತೂತು ಮುಚ್ಚೋ ಪ್ಯಾಚ್ ಹಾಕಿಬಿಡ್ತೀನಿ."

"ನನ್ನ ವಿಡಿಯೋ ಮೀಟಿಂಗ್ ನಿಲ್ಲಿಸೋಕೆ ನೀನ್ಯಾರು? ವೈರು ಸಿಕ್ಕಿಸೋಳು ನನಗೆ ಬುದ್ಧಿ ಹೇಳ್ತೀಯಾ?" ರಾಯರು ನರ್ಸುಗಳೆದುರೇ ಗದರಿದರು.

ಜರೀನಾಳ ಮೈಯೆಲ್ಲ ಉರಿಯಿತು. ಹೋಗಿ ಒಂದು ಹಾಳೆ ಬರೆದು ತಂದಳು. "ಸಹಿ ಹಾಕಿ ಸರ್. ಹೊರಬಾಗಿಲಿಗೆ ಅಂಟಿಸಬೇಕು."

ರಾಯರು ಓದಿದರು: 'ರೋಗಿಗಳ ಗಮನಕ್ಕೆ. ನಿಮ್ಮ ಕಾಯಿಲೆಯ ಗುಟ್ಟು ಇಲ್ಲಿ ಭದ್ರವಾಗಿಲ್ಲ. ಭದ್ರಪಡಿಸಲು ಆಡಳಿತಾಧಿಕಾರಿಗಳಿಗೆ ಪುರುಸೊತ್ತಿಲ್ಲ.'

"ಇದನ್ನ ಅಂಟಿಸೋದಾ?"

"ಸುಳ್ಳು ಕಂಡರೆ ಹೊಡೆದುಹಾಕಿ ಸರ್."

ರಾಯರು ಪೆನ್ನು ಹಿಡಿದು ಹುಡುಕಿದರು. ಹೊಡೆದುಹಾಕಲು ಒಂದು ಪದವೂ ಸಿಗಲಿಲ್ಲ. ಮುಖ ಕಪ್ಪಿಟ್ಟಿತು. ಲ್ಯಾಪ್‌ಟಾಪ್ ಮುಚ್ಚಿದರು.

"ಹತ್ತೇ ನಿಮಿಷ. ಹೋಗು, ಹಾಕು."

ಜರೀನಾ ಕದಲಲಿಲ್ಲ. "'ಹೋಗಿ' ಅನ್ನಿ ಸರ್."

ರಾಯರು ಹಾಳೆ ಮಡಚಿ ಜೇಬಿಗಿಟ್ಟರು. "ಹೋಗಿ."