ತಪ್ಪೆಲ್ಲ ಬಾಲದ್ದು

ಟ್ಯೂಬ್‌ಲೈಟಿನ ಪಕ್ಕದಲ್ಲಿ ವಾಸವಾಗಿದ್ದ ಹಲ್ಲಿಯೊಂದು ಸಂಶೋಧನಾ ಲೇಖನ ಪ್ರಕಟಿಸಿತು: ದೀಪದ ಹತ್ತಿರ ಕೂರುವ ನೊಣಗಳ ಆಯುಸ್ಸು ಹೆಚ್ಚುತ್ತದೆ. ಪ್ರಯೋಗದ ನಡುವೆ ಕಾಣೆಯಾದ ನೊಣಗಳನ್ನು ‘ಉನ್ನತ ವ್ಯಾಸಂಗಕ್ಕೆ ತೆರಳಿವೆ’ ಎಂದು ನಮೂದಿಸಿತ್ತು. ಲೇಖನವನ್ನು ಪರಿಶೀಲಿಸಬೇಕಾಗಿದ್ದ ಎದುರು ಗೋಡೆಯ ಹಲ್ಲಿ, ಓದುವ ಗೋಜಿಗೇ ಹೋಗದೆ ಲೊಚಗುಟ್ಟಿತು. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯವೆಂದು ಮನುಷ್ಯರೇ ನಂಬುವಾಗ ನೊಣಗಳು ನಂಬದಿರುತ್ತವೆಯೇ? ಸಂಸಾರ ಸಮೇತ ದೀಪದ ಬಳಿಗೆ ಬಂದವು. ಹಲ್ಲಿ ದಪ್ಪಗಾಯಿತು.

ಅಕ್ಕತಂಗಿಯರನ್ನೆಲ್ಲ ಕಳೆದುಕೊಂಡ ಒಂದು ನೊಣ ದೂರು ಕೊಟ್ಟಿತು. ಇರುವೆಗಳ ವಿಚಾರಣಾ ಸಮಿತಿ ಸಾಲಾಗಿ ಗೋಡೆ ಹತ್ತಿ ಬಂತು.

“ಪ್ರೊಫೆಸರೇ, ಈ ಅಂಕಿಅಂಶಗಳು ಸುಳ್ಳಲ್ಲವೇ?”

“ಸುಳ್ಳೇ, ಮಹನೀಯರೇ. ನನಗೂ ಆಘಾತವಾಗಿದೆ. ಎಣಿಸಿದ್ದು, ಬರೆದದ್ದು ಎಲ್ಲ ನನ್ನ ಬಾಲ. ಹಿಂದೆ ಏನು ಮಾಡುತ್ತಿತ್ತೋ, ನಾನು ತಿರುಗಿ ನೋಡಿದವನಲ್ಲ.”

“ಸಾರ್, ನೀವು ಹೋದ ಕಡೆ ಬಂದವನಷ್ಟೇ ನಾನು...” ಎಂದು ಬಾಲ ಶುರು ಮಾಡುವಷ್ಟರಲ್ಲಿ ಹಲ್ಲಿ ಅದನ್ನು ಕಳಚಿ ಕೆಳಗೆ ಹಾಕಿತು. ಬಾಲ ನೆಲದ ಮೇಲೆ ವಿಲವಿಲ ಒದ್ದಾಡಿತು.

“ನೋಡಿ, ಪಾಪಪ್ರಜ್ಞೆ!” ಎಂದಿತು ಹಲ್ಲಿ.

ಲೇಖನವನ್ನು ಹಿಂಪಡೆಯಲಾಗಿದೆ ಎಂದು ಸಾರಿ, ಸಮಿತಿ ಕೆಳಗಿಳಿದು ತಪ್ಪಿತಸ್ಥನನ್ನು ಕಚ್ಚಿಕೊಂಡು ಗೂಡಿನತ್ತ ಹೊರಟಿತು.

ನೊಣ ಅಡ್ಡ ಬಂದು ಕೇಳಿತು: “ನಮ್ಮವರನ್ನು ತಿಂದದ್ದು ಬಾಯಲ್ಲವೇ? ಬಾಲವನ್ನೇಕೆ ಒಯ್ಯುತ್ತಿದ್ದೀರಿ?”

ಇರುವೆಗಳ ಬಾಯಿ ತುಂಬಿತ್ತು.